ಓರೆಟೋಪಿಯ ಒಂದನೇ ನಂಬರು

ಸುಣ್ಣ ಅರಳುವ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಈಗ ಎಲ್ಲರ ಮನೆಗೂ ಡಬ್ಬದ ಬಣ್ಣ ಬಂದುಬಿಟ್ಟಿದೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಅದು ಬುಸುಗುಟ್ಟುತ್ತ ಅರಳುತ್ತದೆ, ಹಬೆ ಏಳುತ್ತದೆ, ಮೂಗಿನೊಳಗೆ ಒಂದು ಒಣ ಘಾಟು ಕೂತುಬಿಡುತ್ತದೆ. ಹೋದ ವಾರ ನಮ್ಮೂರು ಬೈರಕೂರಿನಲ್ಲಿ ನಮ್ಮ ಹುಳದ ಮನೆಯ ಮುಂದೆ ನಿಂತು ಆ ಘಾಟು ಕುಡಿಯುತ್ತಿದ್ದೆ. ಹುಳದ ಮನೆ ಎಂದರೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕೋಣೆ. ಈಗ ಅಲ್ಲಿ ಹುಳುವಿಲ್ಲ, ತಮ್ಮನ ಮಗ ಟೊಮೆಟೊ ಕ್ರೇಟುಗಳನ್ನು ಪೇರಿಸಿಟ್ಟಿದ್ದಾನೆ. ನಮ್ಮಕ್ಕನ ವರ್ಷದ ತಿಥಿ ಹತ್ತಿರ ಬಂದಿತ್ತು. ಬರುವ ನೆಂಟರನ್ನು ಅಲ್ಲೇ ಊಟಕ್ಕೆ ಕೂರಿಸೋಣ, ಅದಕ್ಕೆ ಮೊದಲು ಒಂದು ಕೈ ಸುಣ್ಣ ಬಳಿಯೋಣ ಎಂದು ಅವನು ಕರೆದಿದ್ದ. ನಾನು ಕೋಲಾರದಿಂದ ಮೊಮ್ಮಗಳು ಸಿಂಚನಾಳನ್ನು ಕಟ್ಟಿಕೊಂಡು ಬಂದಿದ್ದೆ.

ಆ ಹುಡುಗಿ ಮಗುಚಿಟ್ಟ ಕ್ರೇಟಿನ ಮೇಲೆ ಕೂತು ಫೋನು ತಿರುವುತ್ತಿದ್ದಳು. ಇದ್ದಕ್ಕಿದ್ದ ಹಾಗೆ, "ತಾತ, ನಿಮ್ಮ ಕುದುರೆ ಹೀರೋ ಸಿಕ್ಬಿಟ್ಟ! ಅವ್ನ ಸಿನಿಮಾಗೆಲ್ಲ ನಂಬರ್ ಹಾಕಿ ಲಿಸ್ಟ್ ಮಾಡವ್ರೆ. ಒಂದು ಕಡೆ ಎಷ್ಟು ಜನ ನೋಡಿದ್ರು ಅಂತ, ಇನ್ನೊಂದು ಕಡೆ ತಿಳಿದೋರು ಎಷ್ಟು ಮೆಚ್ಚಿದ್ರು ಅಂತ," ಎಂದಳು.

"ಇದೇನು ಹೊಸದಾ? ನಿಮ್ಮ ದೊಡ್ಡಜ್ಜಿ ಐವತ್ತು ವರ್ಷದ ಹಿಂದೇನೇ ಮಾಡಿದ್ಲು ಕಣೇ."

"ದೊಡ್ಡಜ್ಜಿ ಅಷ್ಟೊಂದು ಇಂಗ್ಲಿಷ್ ಸಿನಿಮಾ ನೋಡ್ತಿದ್ರಾ?"

"ಒಂದೂ ನೋಡಿಲ್ಲ," ಎಂದೆ. ಅವಳು ನಕ್ಕಳು. ನಾನು ನಿಜವನ್ನೇ ಹೇಳಿದ್ದೆ.

ಮುಳಬಾಗಿಲಿನ ಟಾಕೀಸಿನಲ್ಲಿ ಆಗ ಭಾನುವಾರ ಬೆಳಗಿನ ಆಟಕ್ಕೆ ಮಾತ್ರ ಇಂಗ್ಲಿಷ್ ಸಿನಿಮಾ. ಮಿಕ್ಕಿದ್ದೆಲ್ಲ ತೆಲುಗು, ಆಗೊಮ್ಮೆ ಈಗೊಮ್ಮೆ ಕನ್ನಡ. ಇಂಗ್ಲಿಷ್ ಸಿನಿಮಾಕ್ಕೆ ಬರುತ್ತಿದ್ದವರಲ್ಲಿ ಇಂಗ್ಲಿಷ್ ಬರುತ್ತಿದ್ದವರು ಯಾರೂ ಇರಲಿಲ್ಲ. ಕುದುರೆ ಓಡುವುದಕ್ಕೂ ಬಂದೂಕು ಹಾರುವುದಕ್ಕೂ ಭಾಷೆ ಯಾಕೆ ಬೇಕು ಹೇಳಿ. ಪಿಯುಸಿ ಓದುತ್ತಿದ್ದ ನಾನು ಮನೆಯಲ್ಲಿ "ಇಂಗ್ಲಿಷ್ ಸುಧಾರಿಸುತ್ತೆ" ಎಂದು ಹೇಳಿ ಹೋಗುತ್ತಿದ್ದೆ. ಸುಧಾರಿಸಿದ್ದಿಷ್ಟೇ, "ಹ್ಯಾಂಡ್ಸ್ ಅಪ್" ಎನ್ನುವುದನ್ನು ಮೂಗಿನಿಂದ ಹೇಳುವುದು ಕಲಿತೆ. ಬರುವ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಒಬ್ಬನೇ ನಟನದು. ಉದ್ದನೆಯ ಆಳು, ಮಾತು ಕಮ್ಮಿ, ಟೋಪಿ ಯಾವಾಗಲೂ ಎಡಹುಬ್ಬಿನ ಮೇಲೆ ವಾಲಿರುತ್ತಿತ್ತು. ಅವನ ಹೆಸರನ್ನು ಪೋಸ್ಟರ್ ಅಂಟಿಸುವವನು ಒಂದು ಥರ ಹೇಳಿದರೆ ಗೇಟಿನವನು ಇನ್ನೊಂದು ಥರ ಹೇಳುತ್ತಿದ್ದ. ನಾನು ಎರಡನ್ನೂ ಅಕ್ಕನಿಗೆ ಹೇಳಿದೆ. "ಅಯ್ಯೋ, ನಾಲಿಗೆ ಮುರ್ಕೊಳ್ಳೋದ್ಯಾಕೆ? ಓರೆಟೋಪಿ ಅನ್ನು ಸಾಕು," ಎಂದಳು. ಅಲ್ಲಿಂದ ಅವನು ನಮಗೆ ಓರೆಟೋಪಿ.

ನಮ್ಮಕ್ಕನ ಹೆಸರು ನಾರಾಯಣಮ್ಮ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಅವಳನ್ನು ಹುಳದ ಮನೆಗೆ ಹಾಕಿದ್ದರು. ರೇಷ್ಮೆ ಹುಳುವಿನ ಚಾಕರಿ ಗೊತ್ತಿದ್ದವರಿಗೆ ಗೊತ್ತು. ಹೊತ್ತು ಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹಿಕ್ಕೆ ತೆಗೆಯಬೇಕು, ತಟ್ಟೆ ಬದಲಾಯಿಸಬೇಕು. ಮದುವೆ ಮುಂಜಿ ಎಂದು ಹೋಗುವಂತಿಲ್ಲ. ಹೊರಗಿನವರು ಒಳಗೆ ಬರುವಂತಿಲ್ಲ, ಕಾಲಿನ ಜೊತೆ ರೋಗ ಬರುತ್ತದೆ. ಹುಳು ಪೊರೆ ಬಿಡುವ ಒಂದು ದಿನ ಸೊಪ್ಪು ತಿನ್ನದೆ ಸುಮ್ಮನೆ ಮಲಗಿರುತ್ತದೆ, ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಹುಳುವಿಗೆ ಜ್ವರ ಬಂದರೆ ಅಕ್ಕನಿಗೆ ರಜ.

ಮಧ್ಯಾಹ್ನ ನಾನು ಸಿನಿಮಾ ನೋಡಿ ಬಂದು, ಕಾಲು ತೊಳೆದು, ಹುಳದ ಮನೆಯ ಹೊಸ್ತಿಲ ಒಳಗೆ ಕೂತರೆ ಅವಳು ಸೊಪ್ಪು ಹಾಕುತ್ತ, "ಏನ್ಲಾ, ಇವತ್ತು ಏನು ಮಾಡ್ದ ಓರೆಟೋಪಿ?" ಎನ್ನುತ್ತಿದ್ದಳು. ನನಗೆ ಅರ್ಥವಾಗಿದ್ದು ಕಾಲು ಭಾಗ, ಉಳಿದ ಮುಕ್ಕಾಲು ನನ್ನದೇ ಸ್ವಂತ. ನನ್ನ ಕಥೆಯಲ್ಲಿ ಅಲ್ಲಿಯ ಪೊಲೀಸು ಅಮಲ್ದಾರನಾಗುತ್ತಿದ್ದ, ಅವರು ತಟ್ಟೆಯಲ್ಲಿಟ್ಟು ತಿನ್ನುವ ಕಂದು ಪದಾರ್ಥ ಮುದ್ದೆಯಾಗುತ್ತಿತ್ತು. ಒಂದು ತಪ್ಪು ಮಾತ್ರ ಹೇಳಲೇಬೇಕು. ಆ ಸಿನಿಮಾಗಳಲ್ಲಿ ಓರೆಟೋಪಿ ಊರಿಗೆ ಬಂದವನೇ ಮೊದಲು ನುಗ್ಗುತ್ತಿದ್ದ ಕಟ್ಟಡದ ಮೇಲೆ 'ಸಲೂನ್' ಎಂದು ಬೋರ್ಡಿರುತ್ತಿತ್ತು. ಸಲೂನ್ ಎಂದರೆ ಕ್ಷೌರದ ಅಂಗಡಿ ಎಂದು ನಮ್ಮ ಮುಳಬಾಗಿಲಿನಲ್ಲಿ ಯಾರಿಗೆ ಗೊತ್ತಿಲ್ಲ? ಹಾಗೆಯೇ ಹೇಳಿದೆ. ಅಕ್ಕ ಸೊಪ್ಪಿನ ಬುಟ್ಟಿ ಕೆಳಗಿಟ್ಟು ಕೇಳಿದಳು: "ಅಲ್ಲ ಕಣೋ, ಆ ದೇಶದಲ್ಲಿ ಕ್ಷೌರದ ಅಂಗಡೀಲಿ ಸಾರಾಯಿ ಮಾರ್ತಾರಾ?"

"ಮಾರ್ತಾರೆ. ಇಸ್ಪೀಟೂ ಆಡ್ತಾರೆ."

"ಅದಕ್ಕೇ ಮತ್ತೆ, ಒಬ್ಬನ ಗಡ್ಡಾನೂ ಬೋಳಿಸಿರಲ್ಲ!"

ಎಷ್ಟೋ ವರ್ಷ ನಾವಿಬ್ಬರೂ ಅದನ್ನೇ ನಂಬಿಕೊಂಡಿದ್ದೆವು. ಆ ದೇಶದಲ್ಲಿ ಸಲೂನ್ ಎಂದರೆ ಸಾರಾಯಿ ಅಂಗಡಿಯೇ ಎಂದು, ಕೋಲಾರದಲ್ಲಿ ನೌಕರಿಗೆ ಸೇರಿದ ಮೇಲೆ ಕಚೇರಿಯಲ್ಲಿ ಯಾರೋ ಹೇಳಿ ನಕ್ಕಾಗಲೇ ನನಗೆ ಗೊತ್ತಾದದ್ದು. ಅಕ್ಕನಿಗೆ ಹೇಳಲು ಹೋಗಲಿಲ್ಲ.

ಇನ್ನು ಅವಳ ಪಟ್ಟಿ. ಒಂದು ಬೆಳೆ ಗೂಡು ಮಾರಿದ ಮೇಲೆ ಹುಳದ ಮನೆಯನ್ನು ತೊಳೆದು, ರೋಗ ಉಳಿಯದ ಹಾಗೆ ನಾಲ್ಕೂ ಗೋಡೆಗೆ ಸುಣ್ಣ ಬಳಿಯಬೇಕು. ವರ್ಷಕ್ಕೆ ಐದು ಬೆಳೆ, ಐದು ಸಲ ಸುಣ್ಣ. ಸುಣ್ಣ ಒಣಗಿದ ಮೇಲೆ ಅಕ್ಕ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಓರೆಟೋಪಿಯ ಸಿನಿಮಾಗಳನ್ನು ನಂಬರು ಹಾಕಿ ಬರೆಯುತ್ತಿದ್ದಳು. ಹೆಸರುಗಳೂ ಅವಳು ಇಟ್ಟವೇ: 'ಕುಂಟು ಕುದುರೆ', 'ನೀರಿಲ್ಲದ ಬಾವಿ', 'ಮೂರು ಗೋರಿ'. ಹೆಸರಿನ ಮುಂದೆ ಎರಡು ಕಾಲಮು, ಜನ ಮತ್ತು ಗುಣ. 'ಜನ' ಎಂಬಲ್ಲಿ ನಾನು ಹೇಳಿದ್ದನ್ನು ಬರೆಯುತ್ತಿದ್ದಳು: ಭರ್ತಿ, ಮುಕ್ಕಾಲು, ಬೆಂಚು ಖಾಲಿ. 'ಗುಣ' ಮಾತ್ರ ಪೂರ್ತಿ ಅವಳ ಕೈಯಲ್ಲಿ. ಗೂಡನ್ನು ಬೆರಳಲ್ಲಿ ಅಮುಕಿ ನೋಡುವವಳಲ್ಲವೇ, ಹಾಗೇ ಸಿನಿಮಾಕ್ಕೂ ಗಟ್ಟಿ, ಮೆತ್ತಗೆ, ಜಿಲ್ಲಿ ಎಂದು ದರ್ಜೆ. ಜಿಲ್ಲಿ ಎಂದರೆ ನೂಲು ಬಿಚ್ಚಲು ಬಾರದ ಪೊಳ್ಳು ಗೂಡು.

ಮುಂದಿನ ಬೆಳೆಗೆ ಸುಣ್ಣ ಬಿದ್ದರೆ ಪಟ್ಟಿ ಮುಚ್ಚಿಹೋಗುತ್ತಿತ್ತು. ಮತ್ತೆ ಹೊಸದಾಗಿ ಬರೆಯುವಳು. ಒಂದು ಬೆಳೆಗೆ ನಾಲ್ಕನೆಯದಾಗಿದ್ದದ್ದು ಇನ್ನೊಂದಕ್ಕೆ ಒಂಬತ್ತಕ್ಕೆ ಇಳಿದಿರುತ್ತಿತ್ತು. "ನೀರಿಲ್ಲದ ಬಾವಿ ಯಾಕೆ ಇಳಿಸ್ದೆ? ಅದಕ್ಕೆ ಹೌಸ್‌ಫುಲ್ಲು ಗೊತ್ತಾ, ಗೋಡೆ ಹತ್ತಿ ನೋಡಿದ್ರು ಜನ!" ಎಂದು ನಾನು ಜಗಳಕ್ಕೆ ನಿಂತರೆ, "ಜನ ಬಂದ್ರು ಅಂತ ಗಟ್ಟಿ ಆಗ್ಬಿಡ್ತಾ? ಸಂತೇಲಿ ಎಲ್ಲಕ್ಕಿಂತ ಜಾಸ್ತಿ ಜನ ಸೇರೋದು ಜಗಳದ ಹತ್ರ," ಎನ್ನುವಳು. ಒಂದು ಜ್ವರದ ಭಾನುವಾರ, "ನೀನೂ ಬಾ, ಕರ್ಕೊಂಡು ಹೋಗ್ತೀನಿ" ಎಂದು ಕರೆದೆ. "ಬೇಡಪ್ಪ, ನೀನು ಹೇಳೋಷ್ಟು ಚೆನ್ನಾಗಿರಲ್ಲ" ಎಂದಳು. ಹೊಗಳಿದಳೋ ಹಂಗಿಸಿದಳೋ ಇವತ್ತಿಗೂ ನನಗೆ ಬಗೆಹರಿದಿಲ್ಲ.

ಈಗ ಚಲಪತಿಯ ವಿಷಯಕ್ಕೆ ಬರಲೇಬೇಕು. ಇಲ್ಲಿಯ ತನಕ ನಗಿಸಿಕೊಂಡು ಬಂದದ್ದು ಅದನ್ನು ಮುಂದೂಡುವುದಕ್ಕೇ ಎಂದು ನಿಮಗೂ ಅನ್ನಿಸಿರಬಹುದು.

ಚಲಪತಿ ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ. ನೋಡಲು ಲಕ್ಷಣವಾಗಿದ್ದ. ಹಿರಿಯರು ಬಂದು ಅಕ್ಕನಿಗೆ ಹೂ ಮುಡಿಸಿ ಹೋದರು, ಮಾವಿನ ಕಾಲ ಕಳೆದ ಮೇಲೆ ಮದುವೆ ಎಂದಾಯಿತು. ಅದೇ ಮಾವಿನ ಕಾಲದಲ್ಲಿ ಅವನು ಹಣ್ಣಿನ ಲಾರಿಗಳ ಜೊತೆ ವಿಜಯವಾಡಕ್ಕೆ ಹೋದವನು ಬರಲಿಲ್ಲ. ಅಪ್ಪ ಅವನ ಅಣ್ಣನಿಗೆ ಬರೆದ ಕಾಗದಗಳಿಗೆ ಉತ್ತರವಿಲ್ಲ. ತಾನಾಗಿ ಹೋಗಿ ಕೇಳಲು ಅಪ್ಪನಿಗೆ ಮಾನ ಅಡ್ಡಬಂತು. ಅಕ್ಕ ಏನೂ ಕೇಳುತ್ತಿರಲಿಲ್ಲ. ಆದರೆ ಬಸ್ಸು ನಿಂತ ಸದ್ದಾದರೆ ಸೊಪ್ಪು ಹಾಕುವ ಅವಳ ಕೈ ನಿಲ್ಲುತ್ತಿತ್ತು. ನಾನದನ್ನು ನೋಡಿದ್ದೆ.

ಒಂದು ಭಾನುವಾರ ಸಿನಿಮಾಕ್ಕೆಂದು ಹೊರಟವನು ಮುಳಬಾಗಿಲಿನಲ್ಲಿ ಟಾಕೀಸಿನ ಕಡೆ ತಿರುಗದೆ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಯಾರಿಗೂ ಹೇಳಿರಲಿಲ್ಲ. ಮಂಡಿಯಲ್ಲಿ ಹಣ್ಣಿರಲಿಲ್ಲ, ಒಣಹುಲ್ಲು ಹರಡಿಕೊಂಡಿತ್ತು. ವಯಸ್ಸಾದ ಹಮಾಲಿಯೊಬ್ಬ ಗೋಣಿಚೀಲ ಹೊಲಿಯುತ್ತ ಕೂತಿದ್ದ. ಚಲಪತಿ ಎಲ್ಲಿ ಎಂದು ಕೇಳಿದೆ.

"ವಾಡಾ? ವಾಡಿಕಿ ಪೆಳ್ಳೈಪೋಯಿಂದಿ ಕದಯ್ಯಾ," ಎಂದ. ಅವನಿಗೆ ಮದುವೆಯಾಗಿ ಹೋಯಿತಲ್ಲ. ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿ, "ವಿಜಯವಾಡದಾಗೆ ಮಂಡಿ ಸಾಹುಕಾರ್ರ ಮಗಳನ್ನೇ ಕೊಟ್ರು. ಇನ್ನ ಈ ಕಡೆ ಬರಲ್ಲ ಅಬ್ಬಾಯಿ. ನೀನು ಏನಾಗ್ಬೇಕು ಅವ್ನಿಗೆ?" ಎಂದು ಕೇಳಿದ.

"ಏನೂ ಇಲ್ಲ," ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೇಗೆ ಹೇಳಲಿ ಎಂದು ಬಾಯಿಪಾಠ ಮಾಡಿಕೊಂಡು ಬಂದೆ. ಮನೆ ಮುಟ್ಟಿದಾಗ ಆಟ ಬಿಟ್ಟು ಬರುವ ಹೊತ್ತೇ ಆಗಿತ್ತು. ಅವತ್ತು ಹುಳುವಿಗೆ ನಾಲ್ಕನೇ ಜ್ವರ. ಅಕ್ಕ ತಲೆಗೆ ಸ್ನಾನ ಮಾಡಿ, ಕೂದಲು ಹರಡಿಕೊಂಡು, ಕೈ ಖಾಲಿ ಇಟ್ಟುಕೊಂಡು ಕೂತಿದ್ದಳು. "ಬಾರೋ ಬಾರೋ, ಇವತ್ತು ಪೂರ್ತಿ ಕೇಳ್ತೀನಿ. ಏನು ಮಾಡ್ದ ಓರೆಟೋಪಿ?" ಎಂದಳು. ಅವಳ ಮುಖ ನೋಡಿದೆ. ಬಾಯಿ ತೆರೆದೆ. ಸಿನಿಮಾ ಬಂತು.

ಓರೆಟೋಪಿ ದನ ಹೊಡೆದುಕೊಂಡು ದೂರದ ಸೀಮೆಗೆ ಹೊರಡುತ್ತಾನೆ. ಒಬ್ಬಳು ಹುಡುಗಿಗೆ ಬಂದೇ ಬರುತ್ತೇನೆ ಎನ್ನುತ್ತಾನೆ. ಅವಳ ಮನೆಗೆ ಮರದ ಗೇಟು. ಅವನು ಹೋದ ದಿನದಿಂದ ಅವಳು ಆ ಗೇಟು ಮುಚ್ಚುವುದಿಲ್ಲ. ಮೇಕೆ ನುಗ್ಗುತ್ತದೆ, ನಾಯಿ ನುಗ್ಗುತ್ತದೆ, ಊರಿನವರು ಸಲೂನಿನಲ್ಲಿ ಕೂತು ನಗುತ್ತಾರೆ. ಒಂಬತ್ತು ಚಳಿಗಾಲ ಹೋಗುತ್ತದೆ. ಆಮೇಲೊಂದು ದಿನ ಒಬ್ಬ ಮನುಷ್ಯ ಕುದುರೆಯನ್ನು ನಡೆಸಿಕೊಂಡು ಬರುತ್ತಾನೆ, ತಲೆ ನೆರೆತಿರುತ್ತದೆ, ಟೋಪಿ ಮಾತ್ರ ಓರೆಯಾಗಿಯೇ ಇರುತ್ತದೆ. ಒಳಗೆ ಬಂದು ತನ್ನ ಕೈಯಾರೆ ಗೇಟು ಮುಚ್ಚುತ್ತಾನೆ. ಅಷ್ಟೇ, ಲೈಟು ಹಾಕಿದರು ಎಂದೆ.

ಅಕ್ಕ ಹರಡಿದ ಕೂದಲನ್ನು ಒಟ್ಟುಮಾಡಿ ಗಂಟು ಹಾಕಿಕೊಂಡಳು. ಆಮೇಲೆ, "ಜನ ಇದ್ರಾ?" ಎಂದಳು.

"ಭರ್ತಿ," ಎಂದೆ. "ನಿಂತ್ಕೊಂಡು ನೋಡಿದ್ರು."

ಆ ಬೆಳೆಯ ಪಟ್ಟಿಯಲ್ಲಿ 'ತೆಗೆದಿಟ್ಟ ಗೇಟು' ಒಂದನೇ ನಂಬರಿಗೆ ಬಂತು. ಜನ: ಭರ್ತಿ. ಗುಣ: ಗಟ್ಟಿ. ಇದ್ದಿಲನ್ನು ಒತ್ತಿ ಬರೆದಿದ್ದಳು. ನಾಳೆ ನಿಜ ಹೇಳೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ.

ಆಮೇಲೆ ಮಾಲೂರಿನ ಹೆಂಚಿನ ಕಾರ್ಖಾನೆಯ ಮೇಸ್ತ್ರಿಯ ಮನೆಯಿಂದ ಒಂದು ಸಂಬಂಧ ಬಂತು. ಆವನಿಯ ಮೇಷ್ಟ್ರೊಬ್ಬರ ಕಡೆಯಿಂದ ಇನ್ನೊಂದು. ಅಕ್ಕ ಅಪ್ಪನಿಗೆ, "ಇನ್ನೊಂದು ವರ್ಷ ನೋಡೋಣ, ಹೂ ಮುಡ್ಕೊಂಡಿದೀನಿ" ಎಂದಳು. ಅಪ್ಪ ಕೂಗಾಡಿದರು. ಅವತ್ತು ಸಂಜೆ ನನಗೆ ಮಾತ್ರ ಕೇಳಿಸುವಂತೆ, "ಓರೆಟೋಪಿ ಒಂಬತ್ತು ಚಳಿಗಾಲ ಆದ್ಮೇಲೆ ಬರ್ಲಿಲ್ವೇನೋ? ನಮ್ದಿನ್ನೂ ಎರಡೇ ಮಾವಿನ ಕಾಲ," ಎಂದಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನನ್ನಂಥ ಹೇಡಿ ಈ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ.

ಇನ್ನೂ ಎರಡು ವರ್ಷ ಕಳೆದ ಮೇಲೆ ಚಲಪತಿಯ ಅಣ್ಣ ತಾನೇ ಬಂದು, ಅಪ್ಪನ ಮುಂದೆ ತಲೆ ತಗ್ಗಿಸಿ ಎಲ್ಲ ಹೇಳಿ ಹೋದ. ಅಕ್ಕ ಹುಳದ ಮನೆಯಿಂದ ಹೊರಗೆ ಬಂದು ಕೇಳಿಸಿಕೊಂಡಳು. "ಹೌದಾ," ಎಂದು, ಅವನಿಗೆ ಕಾಫಿ ಕೊಡಲು ಅಮ್ಮನಿಗೆ ಹೇಳಿ ಮತ್ತೆ ಒಳಗೆ ಹೋದಳು. ಆ ಬೆಳೆಗೂ ಒಂದನೇ ನಂಬರು ಹಾಗೇ ಇತ್ತು. ನಾನು ಹೋಗಿ ನೋಡಿದೆ, ಜನ: ಭರ್ತಿ. ಅದಾದ ಮೇಲೆ ಬಂದವು ಎರಡನೇ ಮದುವೆಯ ಸಂಬಂಧಗಳು. "ಹುಳ ಬಿಟ್ಟು ಬರಕ್ಕಾಗಲ್ಲ" ಎಂದು ಒಂದೇ ಮಾತಿನಲ್ಲಿ ಎಲ್ಲರನ್ನೂ ಕಳಿಸಿದಳು. ನಾನು ಕೋಲಾರದಲ್ಲಿ ನೌಕರಿಗೆ ಸೇರಿದೆ, ಮದುವೆಯಾದೆ, ಮಕ್ಕಳಾದವು. ಊರಿಗೆ ಹೋದರೆ ಅಂಗಳದಲ್ಲೇ ಕೂತು ಬರುತ್ತಿದ್ದೆ. "ಕಾಲು ತೊಳ್ಕೊಂಡು ಒಳಗೆ ಬಾರೋ" ಎಂದು ಅವಳು ಕರೆದರೆ, "ಬಸ್ಸಲ್ಲಿ ಬಂದಿದೀನಿ, ಹುಳುಗೆ ರೋಗ ಗೀಗ ಬಂದೀತು" ಎನ್ನುತ್ತಿದ್ದೆ. ನನಗೆ ಹೆದರಿಕೆಯಿದ್ದದ್ದು ರೋಗಕ್ಕಲ್ಲ, ಆ ಗೋಡೆಗೆ. ಹನ್ನೆರಡು ವರ್ಷದ ಹಿಂದೆ ಮಂಡಿ ನೋವೆಂದು ಅವಳು ಹುಳು ಬಿಟ್ಟಳು. ಆಮೇಲೆ ಆ ಮನೆಗೆ ಯಾರೂ ಸುಣ್ಣ ಬಳಿಯಲಿಲ್ಲ.

ಹೋದ ವರ್ಷ ಅವಳನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳುವುದನ್ನು ಹೇಳಿದ್ದರು. ಒಂದು ಮಧ್ಯಾಹ್ನ ಸಿಂಚನ ಪಕ್ಕದಲ್ಲಿ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದಳು. ಅಕ್ಕ ಕೇಳಿದಳು: "ಆ ಡಬ್ಬೀಲಿ ಎಲ್ಲಾ ಸಿನಿಮಾನೂ ಸಿಗುತ್ತಂತಲ್ಲ. ನಮ್ಮ ಒಂದನೇ ನಂಬರು ಹಾಕ್ಸು, ನೋಡ್ತೀನಿ."

ಕೇಳಿದ್ದು ಫೋನಿನ ವಿಷಯ, ನೋಡುತ್ತಿದ್ದದ್ದು ನನ್ನನ್ನು.

ನಾನು ಮೊಮ್ಮಗಳನ್ನು ಕಾಫಿ ತರಲು ಕಳಿಸಿದೆ. "ಅದು ಸಿಗಲ್ಲಕ್ಕ. ಅದರ ರೀಲು ಸುಟ್ಟೋಯ್ತಂತೆ," ಎಂದೆ. ಅರವತ್ತಾರು ವರ್ಷದ ಗಂಡಸು, ನಾಚಿಕೆಯಿಲ್ಲದೆ.

"ಸುಟ್ಟೋಯ್ತಾ?"

"ಹೂಂ."

"ಹೋಗ್ಲಿ ಬಿಡು. ನೀನೇ ಹೇಳು."

ಹೇಳಲು ಶುರುಮಾಡಿದೆ. ಗೇಟು, ಮೇಕೆ, ನಾಯಿ, ಸಲೂನಿನಲ್ಲಿ ನಗುವವರು. ಕೊನೆಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಒಂಬತ್ತು ಚಳಿಗಾಲ ಆದರೂ ಅವನು ಬರುವುದಿಲ್ಲ, ಆ ಹುಡುಗಿ ಗೇಟು ಮುಚ್ಚಿ, ಬೇರೊಬ್ಬನನ್ನು ಮದುವೆಯಾಗಿ ಸುಖವಾಗಿರುತ್ತಾಳೆ ಎಂದೆ. ಅಷ್ಟು ತಡವಾಗಿ, ಅಷ್ಟು ಮಾತ್ರ ನನ್ನಿಂದ ಆದದ್ದು.

ಅಕ್ಕ ನನ್ನ ಮಣಿಕಟ್ಟು ಹಿಡಿದಳು. "ಅದಲ್ಲ ಕಣೋ. ಬರ್ತಾನೆ. ನೀನೇ ಹೇಳಿದ್ದೆ."

"ಹೌದು. ಬರ್ತಾನೆ," ಎಂದೆ. ಮೂರನೆಯ ದಿನ ಹೋಗಿಬಿಟ್ಟಳು.

ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದ ವಾರ ಹುಳದ ಮನೆಯ ಮುಂದೆ ನಿಂತಿದ್ದೆ. ಸಿಂಚನ ಬಿಡಲಿಲ್ಲ, ದೊಡ್ಡಜ್ಜಿಯ ಪಟ್ಟಿ ನೋಡಲೇಬೇಕು ಎಂದು ಹಟ ಹಿಡಿದಳು. ಕಾಲು ತೊಳೆದುಕೊಂಡೇ ಒಳಗೆ ಹೋದೆ. ಹುಳುವಿಲ್ಲದ ಮನೆಗೆ ಕಾಲು ಯಾಕೆ ತೊಳೆಯಬೇಕು ಎಂದು ಅವಳು ನಕ್ಕಳು. ಇಬ್ಬರೂ ಸೇರಿ ಕ್ರೇಟುಗಳನ್ನು ಸರಿಸಿದೆವು. ಹನ್ನೆರಡು ವರ್ಷದ ಧೂಳಿನ ಕೆಳಗೆ ಅಕ್ಕನ ಗುಂಡು ಅಕ್ಷರ, ಅಲ್ಲಲ್ಲಿ ಚಕ್ಕೆ ಎದ್ದ ಸುಣ್ಣ. ಯಾವ ಹೆಸರು ಯಾವ ಸಿನಿಮಾದ್ದು ಎಂದು ನಾನು ಕಥೆ ಹೇಳಿದ ಹಾಗೆ ಮೊಮ್ಮಗಳು ಫೋನು ಹಿಡಿದು ತಾಳೆ ನೋಡತೊಡಗಿದಳು. "ಕುಂಟು ಕುದುರೆ, ಇದು ಇಲ್ಲಿ ಹದಿನೇಳನೇದು ತಾತ. ಮೂರು ಗೋರಿ, ಅಯ್ಯೋ, ಇವ್ರು ಒಂದನೇ ನಂಬರು ಕೊಟ್ಟವ್ರೆ, ದೊಡ್ಡಜ್ಜಿ ಜಿಲ್ಲಿ ಅಂದವ್ರೆ!" ನನಗೆ ನಗು ಬಂತು. ಆಮೇಲೆ ಅವಳು ಮೇಲಿನ ಸಾಲು ಓದಿದಳು.

"ಒಂದು. ತೆಗೆದಿಟ್ಟ ಗೇಟು. ಗುಣ, ಗಟ್ಟಿ. ಜನ..." ಎಂದು ನಿಲ್ಲಿಸಿ, ಅಂಗೈಯಿಂದ ಧೂಳು ಒರೆಸಿ, "ಜನ, ಇಬ್ಬರು," ಎಂದಳು.

ನಾನು ಹತ್ತಿರ ಹೋಗಿ ನೋಡಿದೆ. ಭರ್ತಿ ಎಂದಿರಲಿಲ್ಲ. ಇಬ್ಬರು ಎಂದೇ ಇತ್ತು.

ಅಲ್ಲೇ ಒಂದು ಚಕ್ಕೆ ಎದ್ದಿತ್ತು. ಉಗುರಿನಿಂದ ಎತ್ತಿದೆ. ಅದರ ಕೆಳಗೆ ಹಿಂದಿನ ಬೆಳೆಯ ಪಟ್ಟಿ, ಮಸುಕಾಗಿತ್ತು, ಆದರೂ ಓದಬಹುದಿತ್ತು. ಇಬ್ಬರು. ಅದನ್ನೂ ಕೆರೆದೆ. ಇಬ್ಬರು. ಇನ್ನೊಂದು ಪದರ. ಇಬ್ಬರು. ವರ್ಷಕ್ಕೆ ಐದು ಪದರ, ಎಷ್ಟು ವರ್ಷ ಕೆಳಗೆ ಹೋದರೆ 'ಭರ್ತಿ' ಸಿಗುತ್ತಿತ್ತೋ. ಹತ್ತು ವರ್ಷವೋ, ಇಪ್ಪತ್ತೋ. ಅಥವಾ ಚಲಪತಿಯ ಅಣ್ಣ ಬಂದುಹೋದ ಮರುಬೆಳೆಗೇ ಅದು 'ಇಬ್ಬರು' ಆಗಿತ್ತೋ. ಅದನ್ನು ತಿಳಿದುಕೊಳ್ಳುವ ಧೈರ್ಯ ನನಗಿರಲಿಲ್ಲ. ಕೈ ತೆಗೆದೆ. ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಸಿನಿಮಾವನ್ನಲ್ಲ, ನಿಜವನ್ನು. ಗೇಟು ತೆಗೆದಿಟ್ಟುಕೊಂಡು ಕೂತಿದ್ದಳು, ನಾನು ಒಳಗೆ ಹೋಗಲಿಲ್ಲ. ರೀಲು ಸುಟ್ಟುಹೋಯಿತು ಎಂದೆ.

ಹೊರಗಿನಿಂದ ತಮ್ಮನ ಮಗ ಕೂಗಿದ: "ದೊಡ್ಡಪ್ಪಾ, ಸುಣ್ಣ ಆರಿದೆ. ಬಳಿಯೋದಾ, ಆ ಗೋಡೆ ಬಿಡೋದಾ?"

"ಬಳಿ," ಎಂದೆ. "ಅವಳು ಒಂದು ಬೆಳೆಗೂ ಬಿಟ್ಟೋಳಲ್ಲ."

ಸಿಂಚನ ಗೇಟಿನ ಸಿನಿಮಾಕ್ಕಾಗಿ ಫೋನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಎರಡು ಸಲ ಹುಡುಕಿದಳು. "ಇದು ಲಿಸ್ಟಲ್ಲೇ ಇಲ್ಲ ತಾತ. ಇಬ್ರೇ ಜನ ಅಂದ್ರೆ ಅಷ್ಟು ಕೆಟ್ಟ ಸಿನಿಮಾನಾ? ಯಾರು ಆ ಇಬ್ರು?"

"ಒಬ್ಬ ಹೇಳ್ದೋನು, ಒಬ್ಳು ಕೇಳ್ದೋಳು," ಎಂದೆ. "ನೋಡ್ದೋರು ಯಾರೂ ಇಲ್ಲ ಕಣೇ. ಆ ಭಾನುವಾರ ನಾನು ಸಿನಿಮಾಕ್ಕೆ ಹೋಗಿರ್ಲಿಲ್ಲ."

ಐವತ್ತು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕೇಳಬೇಕಾದವಳು ಇರಲಿಲ್ಲ.